ನಲವತ್ತೊಂದು ಸಹಿ

ಮಾರ್ಚ್ ೪, ಮಂಗಳವಾರ

ಸೂಪರ್‌ವೈಸರ್ ಆದವನು ದಿನಾ ವರದಿ ಬರೆಯಬೇಕು. ನನಗೆ ಮಾತು ಬರುತ್ತದೆ, ಬರವಣಿಗೆ ಬರುವುದಿಲ್ಲ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಅದಕ್ಕೇ ಇವತ್ತಿನಿಂದ ಈ ಪುಸ್ತಕದಲ್ಲಿ ಕೈ ಪಳಗಿಸುವುದು ಎಂದು ತೀರ್ಮಾನ. ಯಾರೂ ಓದುವುದಿಲ್ಲವಾದ್ದರಿಂದ ಕಾಗುಣಿತಕ್ಕೆ ಯಾರೂ ನಗುವ ಹಾಗಿಲ್ಲ.

ಮೊದಲು ನನ್ನ ಜಮಾಪಟ್ಟಿ. ವಯಸ್ಸು ನಲವತ್ತೇಳು. ಎಣ್ಣೆ ಬಾವಿಗಳ ಕೆಲಸದಲ್ಲಿ ಇಪ್ಪತ್ತಾರು ವರ್ಷ. ಬಾವಿ ಕೊರೆಯುವವರು ಬೇರೆ, ಫೋಟೋ ಹೊಡೆಸಿಕೊಳ್ಳುವವರು ಅವರು. ಕೊರೆದು ಹೋದ ಮೇಲೆ ಬಾವಿಗೆ ಕಾಯಿಲೆ ಕಸಾಲೆ ಬಂದರೆ ನೋಡಿಕೊಳ್ಳುವವರು ನಾವು. ನಮ್ಮ ಲಾರಿಯ ಮೇಲೆ ಒಂದು ದೊಡ್ಡ ಉರುಳೆ, ಅದಕ್ಕೆ ಸುತ್ತಿದ ಐದು ಸಾವಿರ ಮೀಟರ್ ಉಕ್ಕಿನ ತಂತಿ, ಹೆಣಿಗೆ ಕಡ್ಡಿಯಷ್ಟು ದಪ್ಪ. ತುದಿಗೆ ಉಪಕರಣ ಕಟ್ಟಿ ಬಾವಿಗೆ ಇಳಿಸಿ, ಒಳಗಿನ ಕವಾಟ ತೆರೆಯುತ್ತೇವೆ, ಕೊಳವೆಗೆ ಮೆತ್ತಿದ ಮೇಣ ಕೆರೆಯುತ್ತೇವೆ. ಹೆಲ್ಪರ್, ಅಸಿಸ್ಟೆಂಟ್, ಆಪರೇಟರ್, ಸೀನಿಯರ್ ಆಪರೇಟರ್, ಸೂಪರ್‌ವೈಸರ್, ಹೀಗೆ ಐದು ಮೆಟ್ಟಿಲು. ನಾನು ನಾಲ್ಕನೆಯದರ ಮೇಲೆ ಹನ್ನೊಂದು ವರ್ಷದಿಂದ ಕುಳಿತು ಅದನ್ನು ನುಣ್ಣಗೆ ಸವೆಸಿದ್ದೇನೆ. ನಮ್ಮ ಸೂಪರ್‌ವೈಸರ್ ನಿವೃತ್ತಿಯಾಗುತ್ತಿದ್ದಾರೆ. ಒಂದು ಕುರ್ಚಿ, ನಾಲ್ಕು ಅರ್ಜಿ. ಹದಿನೇಳಕ್ಕೆ ಸಂದರ್ಶನ.

ಮೆಟ್ಟಿಲು ಹತ್ತುವುದಕ್ಕೆ ಪ್ರತಿಯೊಬ್ಬರಿಗೂ ಒಂದು ಕೌಶಲ ಪುಸ್ತಕ. ಆಪರೇಟರ್ ಆಗಬೇಕಾದರೆ ಅದರಲ್ಲಿ ನಲವತ್ತೆರಡು ಕೆಲಸ. ಒಂದೊಂದನ್ನೂ ಪರೀಕ್ಷಕನ ಕಣ್ಣೆದುರು ಮಾಡಿ ತೋರಿಸಬೇಕು, ಅವನು ಸಹಿ ಹಾಕಬೇಕು. ನಮ್ಮ ಲಾರಿಗೆ ಪರೀಕ್ಷಕ ನಾನೇ. ಈಗ ನನ್ನ ಕೈಕೆಳಗೆ ಇರುವವಳು ಟೀಚರ್. ನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಸಾಕಾಗಿ ಇಲ್ಲಿಗೆ ಬಂದು ಏಳು ವರ್ಷ ಆಯಿತು, ಹೆಸರು ಮಾತ್ರ ಬಿಡಲಿಲ್ಲ. ಅವಳ ಪುಸ್ತಕದಲ್ಲಿ ನಲವತ್ತೊಂದು ಸಹಿ ಆಗಿವೆ. ಉಳಿದದ್ದು ಒಂದು: ಒಬ್ಬಳೇ ಮೂರು ಸಾವಿರ ಮೀಟರ್ ಇಳಿಸಿ ಮೇಲೆ ತರುವುದು. ಗುರುವಾರ ಅದೂ ಮುಗಿಯುತ್ತದೆ. ಸಂದರ್ಶನದಲ್ಲಿ ಹೇಳುವುದಕ್ಕೂ ಚೆನ್ನಾಗಿರುತ್ತದೆ, ನಾನು ತಯಾರು ಮಾಡಿದ ಆಪರೇಟರ್ ಎಂದು.

ಮಾರ್ಚ್ ೬, ಗುರುವಾರ

ತಂತಿ ಕಡಿಯಿತು.

ಎರಡು ಸಾವಿರದ ನೂರು ಮೀಟರ್‌ನಲ್ಲಿ, ಮೇಲೆ ಬರುವಾಗ. ಟೀಚರ್ ಲಾರಿಯ ಕ್ಯಾಬಿನ್‌ನಲ್ಲಿ ಆಪರೇಟರ್ ಕುರ್ಚಿಯಲ್ಲಿದ್ದಳು. ಬಾವಿಯ ತಲೆಯ ಹತ್ತಿರ ಚಟ್ ಎಂದಿತು, ತಂತಿ, ಉಪಕರಣ ಎಲ್ಲ ಒಳಗೆ. ಉರುಳೆ ಒಂದು ಕ್ಷಣ ಬರಿದೇ ತಿರುಗಿತು. ಅವಳು ಬ್ರೇಕ್ ಹಾಕಿ, ಬಾವಿಯ ಕವಾಟ ಮುಚ್ಚಿಸಿ, ಆಮೇಲೆ ಎದ್ದು ನಿಂತಳು. ಮಾಡಬೇಕಾದ್ದನ್ನೆಲ್ಲ ಮಾಡಬೇಕಾದ ಕ್ರಮದಲ್ಲೇ ಮಾಡಿದಳು. ಪಕ್ಕದಲ್ಲಿ ಕುಳಿತು ನೋಡಬೇಕಾದವನು ನಾನು. ನಾನು ಶೆಡ್ಡಿನ ಕೆಳಗೆ ಟೀ ಲೋಟ ಹಿಡಿದು, ಬಾವಿ ಕಂಪನಿಯವರಿಗೆ ಹಿಂದಿನ ಯಾವುದೋ ಬಾವಿಯ ಕಥೆ ಹೇಳುತ್ತಿದ್ದೆ. ಕಥೆ ಅರ್ಧಕ್ಕೆ ನಿಂತಿತು.

ಇನ್ನೊಂದು ಬರೆಯಬೇಕು. ಕೆಲಸ ಶುರುವಾಗುವ ಮುಂಚೆ ಪ್ರತಿ ಸಲ ತಂತಿಯ ತುದಿಯಿಂದ ಹದಿನೈದು ಮೀಟರ್ ಕತ್ತರಿಸಿ ಬಿಸಾಡಬೇಕು. ಆಮೇಲೆ ಒಂದು ತುಂಡನ್ನು ಕೈತಿರುಗಣೆಗೆ ಸಿಕ್ಕಿಸಿ, ಮುರಿಯುವ ತನಕ ತಿರುಚಿ, ಸುತ್ತು ಎಣಿಸಬೇಕು. ಇಪ್ಪತ್ತೆರಡು ದಾಟಿದರೆ ತಂತಿ ಗಟ್ಟಿ. ಕಡಿಮೆ ಬಂದರೆ ಇನ್ನೂ ಕತ್ತರಿಸಬೇಕು. ಸಂಖ್ಯೆಯನ್ನು ತಂತಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇದಕ್ಕೆ ಹಿಡಿಯುವುದು ಇಪ್ಪತ್ತು ನಿಮಿಷ. ನಾನು ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೈದು ಎಂದು ಬರೆಯುತ್ತ ಬಂದಿದ್ದೇನೆ. ಪ್ರತಿ ಸಲ ಒಂದೇ ಬರೆದರೆ ಅನುಮಾನ ಬರುತ್ತದೆಂದು ಬದಲಾಯಿಸಿ ಬದಲಾಯಿಸಿ ಬರೆಯುವಷ್ಟು ಬುದ್ಧಿ ನನಗಿದೆ.

ಇವತ್ತು ಬೆಳಿಗ್ಗೆ ಟೀಚರ್ ಕೇಳಿದಳು, "ಸಾರ್, ತಂತಿ ತಿರುಚಿ ನೋಡೋಣ್ವಾ?"

"ಆಯ್ತಮ್ಮ, ನಾನು ಆಗಲೇ ನೋಡಿದೀನಿ. ಇಪ್ಪತ್ತೇಳು."

ಮಾರ್ಚ್ ೭

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ ೮, ಶನಿವಾರ

ಸೇಫ್ಟಿ ಆಫೀಸರ್ ಬಂದಿದ್ದರು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಮೂರು ಪೆನ್ಸಿಲು, ಮೂರೂ ಚೂಪಾಗಿವೆ. ತಂತಿ ಪುಸ್ತಕ ತೆರೆದು ನೋಡಿದರು. ಇಪ್ಪತ್ತೇಳು, ನನ್ನ ಸಹಿ. ಹಾಗಾದರೆ ತಂತಿ ಸರಿಯಾಗಿತ್ತು. ತಂತಿ ಸರಿಯಾಗಿದ್ದರೆ ತಪ್ಪು ಎಳೆದ ಕೈಯದು.

"ಭಾರದ ಮೀಟರಿನ ಮುಳ್ಳು ನಾನೂರು ಕಿಲೋ ದಾಟಲೇ ಇಲ್ಲ ಸಾರ್. ನಾನು ಅದನ್ನೇ ನೋಡ್ತಾ ಇದ್ದೆ," ಎಂದಳು ಟೀಚರ್.

"ನೋಡಿದ್ದಕ್ಕೆ ಸಾಕ್ಷಿ?"

ಅವಳು ನನ್ನ ಕಡೆ ತಿರುಗಿದಳು. ಪರೀಕ್ಷಕ ಪಕ್ಕದಲ್ಲೇ ಇರಬೇಕಲ್ಲ. ನಾನು ಶೆಡ್ಡಿನಲ್ಲಿದ್ದೆ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ನಾನೇ ಬಾಯಿಬಿಟ್ಟೆ, "ಹುಡುಗಿ ಒಳ್ಳೆಯವಳೇ ಸಾರ್, ಕೆಲಸ ಗೊತ್ತು. ಕೈ ಸ್ವಲ್ಪ ಅವಸರ, ಅಷ್ಟೇ."

ಅವಳ ಕೈ ಅವಸರದ್ದಲ್ಲ. ಏಳು ವರ್ಷದಲ್ಲಿ ಆ ಕೈ ಒಂದು ಬೋಲ್ಟನ್ನೂ ಅಡ್ಡಡ್ಡ ಕೂರಿಸಿಲ್ಲ. ಆ ಮಾತು ಯಾರೂ ಕೇಳದೆ, ತಾನಾಗಿ ನನ್ನ ಬಾಯಿಂದ ಬಂತು, ಸಾಣೆ ಹಿಡಿದ ಹಾಗೆ.

ಆಮೇಲೆ ಹೇಳಿಕೆ ಬರೆಯಿರಿ ಎಂದರು. ಬರೆದೆ. ಒಂದು ಪುಟ, ಒಂದೂ ಕಾಟು ಹೊಡೆಯದೆ. ಈ ಪುಸ್ತಕದ ಅಭ್ಯಾಸ ಅಷ್ಟರಮಟ್ಟಿಗೆ ಕೆಲಸಕ್ಕೆ ಬಂತು.

ಮಾರ್ಚ್ ೧೧, ಮಂಗಳವಾರ

ಒಳಗೆ ಬಿದ್ದದ್ದನ್ನು ತೆಗೆಯುವುದಕ್ಕೆ ನಮ್ಮಲ್ಲಿ ಮೀನು ಹಿಡಿಯುವುದು ಎನ್ನುತ್ತಾರೆ. ತಂತಿಯ ತುದಿಗೆ ಮುಳ್ಳುಗಳಿರುವ ಕೊಕ್ಕೆ ಕಟ್ಟಿ ಇಳಿಸಿ, ಒಳಗೆ ಸುರುಳಿಯಾಗಿ ಕುಸಿದ ತಂತಿಗೆ ಸಿಕ್ಕಿಸಿ, ಮೆಲ್ಲಗೆ ಎಳೆಯಬೇಕು. ಅದಕ್ಕೆ ನನ್ನನ್ನೇ ಕೂರಿಸಿದ್ದಾರೆ. ಟೀಚರ್‌ಗೆ ಕುರ್ಚಿ ಹತ್ತುವ ಹಾಗಿಲ್ಲ. ಉಪಕರಣ ತೊಳೆಯುವ ತೊಟ್ಟಿಯ ಹತ್ತಿರ ಹಾಕಿದ್ದಾರೆ, ಹೆಲ್ಪರ್ ಉದ್ದಣ್ಣನ ಜೊತೆ. ಉದ್ದಣ್ಣ ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದ ಆಳು, ಬಾಯಿಗೆ ಮಾತ್ರ ಬಾಗಿಲೇ ಇಲ್ಲ.

"ಟೀಚರಮ್ಮ, ಇವತ್ತೇನು ಪಾಠ? ಬ್ರಶ್ಶು ಹಿಡಿಯೋದು ಹೇಗೆ?"

"ಬಾಯಿ ಮುಚ್ಚೋದು ಹೇಗೆ. ನೀನು ನಾಲ್ಕನೇ ಸಲ ಫೇಲು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ಕ್ಯಾಬಿನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರ್ಚ್ ೧೩, ಗುರುವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಉರುಳೆಯಲ್ಲಿ ಉಳಿದಿದ್ದ ತಂತಿಯಿಂದ ಒಂದು ತುಂಡು ಕತ್ತರಿಸಿ ಕೈತಿರುಗಣೆಗೆ ಸಿಕ್ಕಿಸಿದೆ. ಸುಮ್ಮನೆ. ಹಿಡಿ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟೆ.

ಹನ್ನೆರಡು ಸುತ್ತಿಗೇ ಮುರಿಯಿತು.

ಐವತ್ತು ಮೀಟರ್ ಕತ್ತರಿಸಿದೆ. ಹದಿಮೂರು. ಇನ್ನೂ ನೂರು. ಹನ್ನೊಂದು. ಬಾವಿಯ ಕೆಟ್ಟ ಅನಿಲ ಉಕ್ಕನ್ನು ಒಳಗಿನಿಂದ ತಿಂದು ಪೆಡಸು ಮಾಡುತ್ತದೆ. ಹೊರಗೆ ಹೊಸ ತಂತಿಯಂತೆ ಮಿನುಗುತ್ತಲೇ ಇರುತ್ತದೆ. ಅದಕ್ಕೇ ಕಣ್ಣನ್ನು ನಂಬಬೇಡಿ, ತಿರುಚಿ ನೋಡಿ ಎಂದು ಇಟ್ಟಿದ್ದಾರೆ. ಹೆಲ್ಪರ್‌ಗಳಿಗೆ ಈ ಪಾಠ ಹೇಳುವವನು ನಾನೇ, ಚೆನ್ನಾಗಿಯೂ ಹೇಳುತ್ತೇನೆ.

ಒಟ್ಟು ಆರುನೂರ ಹತ್ತು ಮೀಟರ್ ಹೋದ ಮೇಲೆ ಇಪ್ಪತ್ತನಾಲ್ಕು ಬಂತು. ನಂಬಿಕೆಯಾಗದೆ ಮತ್ತೊಮ್ಮೆ ಮಾಡಿದೆ. ಇಪ್ಪತ್ತನಾಲ್ಕು. ಉದ್ದಣ್ಣ ಬಂದು ನೆಲದ ಮೇಲಿನ ರಾಶಿ ನೋಡಿ, "ಏನಣ್ಣ, ಗೂಡು ಕಟ್ತಿದೀರಾ?" ಎಂದ. ಕೊಕ್ಕೆ ಕೆಲಸಕ್ಕೆ ಗಟ್ಟಿ ತಂತಿ ಬೇಕಲ್ಲಪ್ಪ ಎಂದೆ. ಸುಳ್ಳಲ್ಲ. ಈ ಸಂಖ್ಯೆಗಳನ್ನು ತಂತಿ ಪುಸ್ತಕದಲ್ಲಿ ಬರೆಯಲಿಲ್ಲ. ಇಲ್ಲಿ ಬರೆದಿದ್ದೇನೆ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ತಿರುಚಿದೆ: ಇಪ್ಪತ್ತೈದು.

ಹತ್ತು ಗಂಟೆಗೆ ಕೊಕ್ಕೆ ಕಚ್ಚಿತು. ಒಂದು ಗಂಟೆಗೆ ಕಡಿದ ತಂತಿಯ ತುದಿ ಬಾವಿಯ ತಲೆಯ ಹತ್ತಿರ ಬಂತು. ಅದನ್ನು ಬಿಡಿಸುವುದಕ್ಕೆ ನಾನೇ ಹತ್ತಿದೆ. ಅತಿಯಾಗಿ ಎಳೆದು ತುಂಡಾದ ತಂತಿ ಕಡಿಯುವ ಮುಂಚೆ ಸಣ್ಣಗಾಗುತ್ತದೆ, ತುದಿ ಪೆನ್ಸಿಲ್ ಮೊನೆಯ ಹಾಗಿರುತ್ತದೆ. ಪೆಡಸಾದದ್ದು ಬಳಪ ಮುರಿದ ಹಾಗೆ ಚಪ್ಪಟೆಯಾಗಿ ಮುರಿಯುತ್ತದೆ. ಉರುಳೆಯ ಕಡೆಯ ತುದಿ ಅವತ್ತೇ ಬಡಿದು ಜಜ್ಜಿಹೋಗಿತ್ತು; ಇದು ಚಪ್ಪಟೆ. ಉಗುರಿನ ಮೇಲಿಟ್ಟರೆ ನಿಲ್ಲುವಷ್ಟು ಚಪ್ಪಟೆ. ಎರಡನೇ ವರ್ಷದ ಹೆಲ್ಪರ್ ನೋಡಿದರೂ ಹೇಳುತ್ತಾನೆ, ಇದರಲ್ಲಿ ಎಳೆದವರ ತಪ್ಪಿಲ್ಲ ಎಂದು.

ಕೆಳಗೆ ಆರು ಜನ ತಲೆ ಎತ್ತಿ ನೋಡುತ್ತಿದ್ದರು. ಅವರಿಗೆ ಬೆನ್ನು ಮಾಡಿ, ಕಟರ್‌ನಿಂದ ಒಂದು ಗೇಣು ಕತ್ತರಿಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಸಂಜೆಗೆ ಉಪಕರಣವೂ ಬಂತು. ಚಪ್ಪಾಳೆ ತಟ್ಟಿದರು. "ಕೈ ಅಂದ್ರೆ ಇದಪ್ಪ ಕೈ," ಎಂದರು ಸೂಪರ್‌ವೈಸರ್. ಟೀಚರ್ ತೊಟ್ಟಿಯ ಹತ್ತಿರದಿಂದ ಬಂದು, ಒದ್ದೆ ಕೈ ಒರೆಸಿಕೊಂಡು, "ತುಂಬಾ ಚೆನ್ನಾಗಿ ತೆಗೆದ್ರಿ ಸಾರ್," ಎಂದಳು. ಮನಸ್ಸಿನಿಂದಲೇ ಹೇಳಿದಳು.

ಮಾರ್ಚ್ ೧೬, ಭಾನುವಾರ

ಬಟ್ಟೆ ಒಗೆಯುವ ಮುಂಚೆ ಜೇಬು ಜಾಲಾಡುವುದು ನನ್ನ ಹೆಂಡತಿಯ ಅಭ್ಯಾಸ. ನಾನು ಗಡ್ಡ ಹೆರೆಯುತ್ತಿದ್ದೆ. ಕನ್ನಡಿಯಲ್ಲಿ ಅವಳ ಕೈ ಕಾಣಿಸಿತು, ಕೈಯಲ್ಲಿ ತಂತಿ.

"ಇದೇನು?"

"ತಂತಿ."

"ತಂತಿ ಅಂತ ನನಗೂ ಕಾಣುತ್ತೆ. ಬಿಸಾಡ್ಲಾ?"

"ಬೇಡ, ಇಡು."

ಅದನ್ನು ಸೋಪಿನ ಪಕ್ಕದಲ್ಲಿಟ್ಟಳು. ಹೋಗುತ್ತ ಹೋಗುತ್ತ, "ಒಂದು ವಾರದಿಂದ ಊಟಕ್ಕೆ ಕೂತಾಗೆಲ್ಲ ಒಂದೇ ಸಮನೆ ಮಾತಾಡ್ತಿದೀರಿ. ನೀವು ಹಾಗೆ ಮಾತಾಡೋದು ಏನಾದ್ರೂ ಬಚ್ಚಿಡುವಾಗ ಮಾತ್ರ," ಎಂದಳು.

"ನಾಳೆ ಸಂದರ್ಶನ ಇದೆಯಲ್ಲ, ಅಭ್ಯಾಸ ಮಾಡ್ತಿದೀನಿ."

ಅವಳು ಬಟ್ಟೆ ಎತ್ತಿಕೊಂಡು ಹೊರಟೇಹೋದಳು. ಅತ್ತೆ ಮಾತ್ರ ಒಳಗಿನಿಂದಲೇ, "ಅಳಿಯಂದಿರು ಮಾತಾಡಿದ್ರೆ ಕೇಳೋಕೆ ಎಷ್ಟು ಚೆಂದ," ಎಂದರು. ಕೆನ್ನೆ ಕೊಯ್ದುಕೊಂಡೆ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ತಿರುಚಿದೆ: ಇಪ್ಪತ್ತನಾಲ್ಕು.

ಮೂವರು ಕುಳಿತಿದ್ದರು. ಕೆಳಗಿನವರ ಕೌಶಲ ಬೆಳೆಸುವುದಕ್ಕೆ ಏನು ಮಾಡುತ್ತೀರಿ ಎಂದರು. ಹತ್ತು ನಿಮಿಷ ಮಾತಾಡಿದೆ, ನೀರು ಸಹ ಕುಡಿಯದೆ. ಕೊನೆಯಲ್ಲಿ ಕೂತಿದ್ದ ಹೆಂಗಸು, ತರಬೇತಿ ವಿಭಾಗದವರಂತೆ, ಮೆತ್ತಗೆ ಕೇಳಿದರು, "ಪರೀಕ್ಷಕನ ಸಹಿ ಅಂದ್ರೆ ನಿಮ್ಮ ಪ್ರಕಾರ ಏನು?"

"ನಾನು ಅಲ್ಲಿದ್ದೆ, ಕಣ್ಣಾರೆ ನೋಡಿದೆ, ನಾಳೆ ಇವರ ಕೈಕೆಳಗೆ ನನ್ನ ಮಗಳನ್ನೇ ಕೆಲಸಕ್ಕೆ ಕಳಿಸೋಕೆ ತಯಾರಿದೀನಿ ಅಂತ."

ಮೂವರೂ ಬರೆದುಕೊಂಡರು. ನನಗೆ ಮಗಳೇ ಇಲ್ಲ, ಇರುವುದು ಮಗ. ಮಗಳು ಎಂದರೆ ಮಾತಿಗೆ ತೂಕ ಬರುತ್ತದೆಂದು ನಾಲಿಗೆಗೇ ಗೊತ್ತಾಯಿತು.

ಮಾರ್ಚ್ ೧೮, ಮಂಗಳವಾರ

ಟೀಚರ್ ತನ್ನ ಕೌಶಲ ಪುಸ್ತಕ ಹಿಡಿದು ಕ್ಯಾಬಿನ್‌ಗೆ ಬಂದಳು. ತನಿಖೆ ಮುಗಿದಿದೆ. ಮೂವತ್ತೆಂಟನೆಯ ಕೆಲಸ, ಅಂದರೆ ಭಾರ ಇರುವಾಗ ತಂತಿಯ ನಿಯಂತ್ರಣ, ಅದಕ್ಕೆ ನಾನು ಹಾಕಿದ ಸಹಿಯನ್ನು ನಾನೇ ಕೆಂಪಿನಲ್ಲಿ ಹೊಡೆದು 'ಅರ್ಹತೆ ಇಲ್ಲ' ಎಂದು ಬರೆಯಬೇಕಂತೆ. ಎರಡು ವರ್ಷ ಅವಳು ಮತ್ತೆ ಪರೀಕ್ಷೆಗೆ ನಿಲ್ಲುವ ಹಾಗಿಲ್ಲ. ಕೆಂಪು ಪೆನ್ನನ್ನೂ ಅವಳೇ ತಂದಿದ್ದಳು. ಪುಟಕ್ಕೆ ಕಾಗದದ ಗುರುತು ಸಿಕ್ಕಿಸಿ, ನನಗೆ ಹುಡುಕುವ ಶ್ರಮ ಆಗಬಾರದೆಂದು.

"ಸಾರ್, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಮ್ಮ."

"ನಾನು ಎಲ್ಲಿ ತಪ್ಪಿದೆ ಅಂತ ಹೇಳಿ. ವೇಗ, ಭಾರ, ಆಳ ಎಲ್ಲ ಬರೆದು ಹನ್ನೆರಡು ದಿನದಿಂದ ಲೆಕ್ಕ ಹಾಕ್ತಿದೀನಿ. ಎಲ್ಲೂ ಸಿಗ್ತಿಲ್ಲ. ಕೈ ಅವಸರ ಅಂದ್ರಲ್ಲ, ಯಾವ ಜಾಗದಲ್ಲಿ ಅವಸರ ಅಂತ ತೋರಿಸಿದ್ರೆ ತಿದ್ಕೋತೀನಿ."

ತನ್ನ ಚಿಕ್ಕ ನೋಟ್‌ಬುಕ್ಕನ್ನು ಮುಂದಿಟ್ಟಳು. ನಾಲ್ಕು ಪುಟ ಲೆಕ್ಕ, ಶಾಲೆಯವರ ಗುಂಡು ಅಕ್ಷರ. ಎಲ್ಲ ಸರಿಯಿತ್ತು. ಒಂದೇ ಒಂದು ಸಂಖ್ಯೆ ತಪ್ಪು, ಮೊದಲನೆಯ ಸಾಲಿನಲ್ಲೇ: ತಂತಿಯ ಸುತ್ತು, ೨೭. ಅದನ್ನು ಅವಳು ಪ್ರಶ್ನಿಸಿಯೇ ಇರಲಿಲ್ಲ. ನಾನು ಹೇಳಿದ್ದಲ್ಲವೇ.

"ನಾಳೆ ಬಾ," ಎಂದೆ. ಪೆನ್ನೂ ಪುಸ್ತಕವೂ ನನ್ನ ಹತ್ತಿರವೇ ಉಳಿದವು.

ಮಾರ್ಚ್ ೧೯, ಬುಧವಾರ

ತಿರುಚಿದೆ: ಇಪ್ಪತ್ತೈದು.

ಪಟ್ಟಿ ಬಂತು. ಕುರ್ಚಿ ನನಗೆ. ಸೂಪರ್‌ವೈಸರ್ ಕೈಕುಲುಕಿ, ತಮ್ಮ ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು, ಒಂದೊಂದೂ ಯಾವ ಬಾಗಿಲಿನದು ಎಂದು ಹೇಳುತ್ತ ಹೋದರು. ನನಗೆ ಒಂದೂ ತಲೆಗೆ ಹೋಗಲಿಲ್ಲ.

ಟೀಚರ್ ಪುಸ್ತಕಕ್ಕೆ ಬಂದಿದ್ದಳು. ನಾಳೆ ಎಂದೆ. ಎರಡನೆಯ ನಾಳೆ.

ಮಾರ್ಚ್ ೨೦, ಗುರುವಾರ

ತಂತಿಯ ತುಂಡು, ತಂತಿ ಪುಸ್ತಕ, ಅವಳ ಕೌಶಲ ಪುಸ್ತಕ, ಮೂರನ್ನೂ ತೆಗೆದುಕೊಂಡು ಸೇಫ್ಟಿ ಆಫೀಸರ್ ಕೋಣೆಗೆ ಹೋದೆ. ದಾರಿಯಲ್ಲಿ ಪೀಠಿಕೆ ಸಿದ್ಧ ಮಾಡಿಕೊಂಡಿದ್ದೆ. ಒಳಗೆ ಹೋದ ಮೇಲೆ ಅದು ಬರಲಿಲ್ಲ. ತುಂಡನ್ನು ಮೇಜಿನ ಮೇಲಿಟ್ಟು, "ಅವತ್ತು ನಾನು ತಿರುಚಲಿಲ್ಲ," ಎಂದೆ.

ಅವರು ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಅವತ್ತು ಮಾತ್ರಾನಾ?"

"ಅಲ್ಲ."

"ಎಷ್ಟು ವರ್ಷದಿಂದ?"

"ಆರು. ಆರೂವರೆ."

ಜೇಬಿನಿಂದ ಒಂದು ಪೆನ್ಸಿಲ್ ತೆಗೆದು ಕೊಟ್ಟರು. "ನಿಜವಾದ್ದಕ್ಕೆಲ್ಲ ಒಂದು ಟಿಕ್ ಹಾಕಿ."

ಕುಳಿತೆ. ನಾನೂರ ಹನ್ನೆರಡು ಸಾಲು. ಒಂದೊಂದು ದಿನವನ್ನೂ ನೆನಪು ಮಾಡಿಕೊಂಡೆ. ಹೊಸ ತಂತಿ ಬಂದ ದಿನಗಳು, ಹೊರಗಿನವರು ನೋಡಲು ಬಂದ ದಿನಗಳು, ಒಮ್ಮೆ ಮಳೆಗೆ ಕೆಲಸ ತಡವಾಗಿ ಬೇಸರ ಕಳೆಯಲು ಮಾಡಿದ್ದು. ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಎಣಿಸಿದೆ. ಮೂವತ್ತೊಂದು ಟಿಕ್. ಉಳಿದ ಮುನ್ನೂರ ಎಂಬತ್ತೊಂದು ನನ್ನ ಸಾಹಿತ್ಯ.

"ಶೆಡ್ಡಿನಲ್ಲಿದ್ದೆ ನಾನು, ಕ್ಯಾಬಿನ್‌ನಲ್ಲಲ್ಲ. ಅದನ್ನೂ ಬರ್ಕೊಳ್ಳಿ. ಅವಳ ಕೈ ಅವಸರದ್ದಲ್ಲ. ಅವಳ ಮೇಲಿನ ತಪ್ಪು ತೆಗೀರಿ."

"ತೆಗೀತೀನಿ." ಅವಳ ಪುಸ್ತಕ ತೆರೆದು ಪುಟ ತಿರುವಿದರು. ನನ್ನ ಸಹಿ, ನನ್ನ ಸಹಿ, ನನ್ನ ಸಹಿ. "ಇವನ್ನೂ ತೆಗೀಬೇಕಾಗುತ್ತೆ."

"ಯಾವುದನ್ನ?"

"ಎಲ್ಲವನ್ನೂ. ನಿಮ್ಮ ಸಹಿ ಇನ್ಮೇಲೆ ಸಹಿ ಅಲ್ಲ. ಎಷ್ಟು ಜನರ ಪುಸ್ತಕದಲ್ಲಿದೆ?"

ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನನ್ನ ಕುರ್ಚಿ ಹೋಗುತ್ತದೆ, ಅವಳದ್ದು ಉಳಿಯುತ್ತದೆ, ಅಷ್ಟೇ ಎಂದುಕೊಂಡು ಹೋಗಿದ್ದೆ. "ಏಳು ಜನ," ಎಂದೆ. "ಸಾರ್, ಅವಳದ್ದು ಬಿಟ್ಟುಬಿಡಿ. ಆ ನಲವತ್ತೊಂದನ್ನೂ ಅವಳು ಮಾಡಿದಾಳೆ. ನಾನೇ ನೋಡಿದೀನಿ. ಅಷ್ಟು ಮಾತ್ರ ನಿಜ."

"ಯಾವ ಆಧಾರದ ಮೇಲೆ ಬಿಡ್ಲಿ? ನೀವು ಹೇಳಿದ್ರಿ ಅಂತಲಾ?"

ಅವರು ಚುಚ್ಚುವುದಕ್ಕೆ ಹೇಳಲಿಲ್ಲ. ನಿಜವಾಗಿ ಕೇಳಿದರು.

ಮಾರ್ಚ್ ೨೪, ಸೋಮವಾರ

ನೋಟೀಸು ಬೋರ್ಡಿನಲ್ಲಿ ಏಳು ಹೆಸರು, ಎಲ್ಲರೂ ಮೊದಲಿನಿಂದ ಮತ್ತೆ ಮಾಡಿ ತೋರಿಸಬೇಕು. ಉದ್ದಣ್ಣನ ಅಸಿಸ್ಟೆಂಟ್ ಪರೀಕ್ಷೆ ಮುಂದಿನ ವಾರ ಇತ್ತು. ನನ್ನನ್ನು ಕಂಡು ತಮಾಷೆ ಮಾಡಲಿಲ್ಲ. ಇನ್ನೊಬ್ಬ ಬಂದು, "ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ," ಎಂದ. ಹಗುರ ಏನೂ ಆಗಿಲ್ಲ ಎಂದು ಹೇಳೋಣವೆನ್ನಿಸಿತು.

ಟೀಚರ್ ಮಧ್ಯಾಹ್ನ ಸಿಕ್ಕಿದಳು, ತೊಟ್ಟಿಯ ಹತ್ತಿರವೇ.

"ಸಾರ್, ಆ ನಲವತ್ತೊಂದನ್ನ ನಾನು ನಿಜವಾಗ್ಲೂ ಮಾಡಿದ್ದೆ."

"ಗೊತ್ತಮ್ಮ."

"ನಿಮಗೆ ಗೊತ್ತಿರೋದು ಈಗ ಯಾರಿಗೂ ಉಪಯೋಗ ಇಲ್ಲ." ಬ್ರಶ್ಶನ್ನು ನೀರಿನಲ್ಲಿ ಅದ್ದಿ, ತೆಗೆದು, ಮತ್ತೆ ಅದ್ದಿದಳು. "ತಂತಿ ತಿರುಚೋಣ್ವಾ ಅಂತ ನಾನು ಕೇಳಿದ್ದೆ. ನೀವು ನೋಡಿದೀನಿ ಅಂದ್ರಿ. ನಿಮ್ಮ ಮಾತು ನಂಬಿ, ನನ್ನ ಲೆಕ್ಕಾನೇ ತಪ್ಪು ಅಂದ್ಕೊಂಡೆ. ಹನ್ನೆರಡು ದಿನ."

ಕ್ಷಮೆ ಕೇಳಬೇಕಿತ್ತು. ಇಷ್ಟು ವರ್ಷ ಯಾರಿಗೆ ಬೇಕಾದರೂ ಏನು ಬೇಕಾದರೂ ಹೇಳಿ ಒಪ್ಪಿಸಿದ ಬಾಯಿ ಇದು. ಬಾಯಿ ತೆರೆದೆ, ಆ ಪದ ಬರುವ ಮುಂಚೆಯೇ ಅದು ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ನನಗೇ ಕೇಳಿಸಿಬಿಟ್ಟಿತು. ಮುಚ್ಚಿಕೊಂಡೆ.

ಏಪ್ರಿಲ್ ೨, ಬುಧವಾರ

ಆದೇಶ ಬಂತು. ಕೆಲಸದಿಂದ ತೆಗೆದಿಲ್ಲ. ಸೂಪರ್‌ವೈಸರ್ ಕುರ್ಚಿಯಂತೂ ಹೋಯಿತು, ನಾಲ್ಕನೆಯ ಮೆಟ್ಟಿಲಿನಿಂದಲೂ ಎರಡು ಇಳಿಸಿ ಅಸಿಸ್ಟೆಂಟ್ ಮಾಡಿದ್ದಾರೆ. ನನಗೂ ಹೊಸ ಕೌಶಲ ಪುಸ್ತಕ ಕೊಟ್ಟಿದ್ದಾರೆ, ನಲವತ್ತೆರಡೂ ಖಾಲಿ. ಅತ್ತೆಗೆ ಏನು ಹೇಳುವುದು ಎಂದು ಇವಳು ಕೇಳಿದಳು. ಇದ್ದದ್ದು ಹೇಳು ಎಂದೆ. ಊಟಕ್ಕೆ ಕುಳಿತಾಗ ಇವಳು ತಟ್ಟೆಯಿಂದ ತಲೆ ಎತ್ತಿ, "ಯಾಕೆ, ಇವತ್ತು ಒಂದು ಮಾತೂ ಇಲ್ಲ?" ಎಂದಳು. ನಾನು ಗಮನಿಸಿರಲಿಲ್ಲ.

ತಿರುಚಿದೆ: ಇಪ್ಪತ್ತಮೂರು. ಅಷ್ಟು ಸಾಕಿತ್ತು, ಆದರೂ ಹದಿನೈದು ಮೀಟರ್ ಹೆಚ್ಚಿಗೆ ಕತ್ತರಿಸಿ ಮತ್ತೆ ತಿರುಚಿದೆ: ಇಪ್ಪತ್ತೈದು.

ಏಪ್ರಿಲ್ ೨೧, ಸೋಮವಾರ

ಬೇರೆ ಕೇಂದ್ರದಿಂದ ಪರೀಕ್ಷಕ ಬಂದಿದ್ದಾರೆ, ಮೂವತ್ತು ದಾಟಿದಂತಿಲ್ಲ. ಏಳು ಜನರಲ್ಲಿ ಮೊದಲು ಟೀಚರ್. ಮೊದಲನೆಯ ಕೆಲಸ ಎಂದರೆ ಉಪಕರಣ ಗುರುತಿಸಿ ಹೆಸರು ಹೇಳುವುದು, ಕೆಲಸಕ್ಕೆ ಸೇರಿದ ಮೊದಲ ವಾರದವರು ಮಾಡುವಂಥದ್ದು. ಏಳು ವರ್ಷ ಕೆಲಸ ಮಾಡಿದ ಹೆಂಗಸು ಮೇಜಿನ ಮುಂದೆ ನಿಂತು, ಇದು ಕೊಕ್ಕೆ, ಇದು ಕೀಲು, ಇದು ಭಾರದ ಕಂಬಿ ಎಂದು ಗಟ್ಟಿಯಾಗಿ ಹೇಳಿದಳು. ಉಪಕರಣಗಳನ್ನು ತೊಟ್ಟಿಯಿಂದ ತಂದು ಮೇಜಿನ ಮೇಲೆ ಜೋಡಿಸುವುದು ಅಸಿಸ್ಟೆಂಟ್ ಕೆಲಸ. ಜೋಡಿಸಿ ಪಕ್ಕಕ್ಕೆ ನಿಂತೆ. ಒಂದು ಸಲವೂ ಅವಳು ನನ್ನ ಕಡೆ ನೋಡಲಿಲ್ಲ.

ಪರೀಕ್ಷಕ ಸಹಿ ಹಾಕಿದರು. ಅವಳು ಪುಸ್ತಕ ತೆಗೆದುಕೊಂಡು ಆ ಸಹಿಯನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಸಹಿಗಳನ್ನು ಅವಳು ಯಾವತ್ತೂ ಹಾಗೆ ನಿಂತು ನೋಡಿರಲಿಲ್ಲ.

ಎರಡನೆಯ ಕೆಲಸಕ್ಕೆ ಬೇಕಾದವನ್ನು ತಂದಿಟ್ಟೆ. ಅವಳು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು. ಮೂರನೆಯದರ ಒಳಗೆ ಬೆರಳು ತಿರುಗಿಸಿ, ಹೊರತೆಗೆದು, ಪರೀಕ್ಷಕರಿಗೂ ಕೇಳಿಸುವ ಹಾಗೆ, "ಇದರ ಒಳಗೆ ಇನ್ನೂ ಮೇಣ ಇದೆ," ಎಂದಳು. "ಇನ್ನೊಂದ್ಸಲ ತೊಳೆದು ತನ್ನಿ ಸಾರ್."

ತೊಟ್ಟಿಗೆ ಹೋಗಿ ತೊಳೆದೆ. ತಂದು ಅವಳ ಮುಂದಿಟ್ಟು, ಅವಳು ನೋಡಿ ಮುಗಿಸುವ ತನಕ ನಿಂತೆ.